ಕಲ್ಲುಗಿಡಗಳ ಬಾಯಾರಿಕೆ

ಸೆಪ್ಟೆಂಬರ್ 9, ಬೆಳಿಗ್ಗೆ

ಅಂಗಡಿಗೆ ಹೊರಡುವ ಮೊದಲು ಕಿಟಕಿಕಟ್ಟೆಯ ಹಾಜರಿ. ಹೆಂಡತಿಯ ಕಲ್ಲುಗಿಡಗಳು, ಒಂದು ಟ್ರೇ ತುಂಬ. ಲಿಥಾಪ್ಸ್ ಅನ್ನಬೇಕಂತೆ. ನೋಡಿದರೆ ಹೊಳೆದಂಡೆಯ ಬೆಣಚುಕಲ್ಲು, ಮುಟ್ಟಿದರೆ ಮೆತ್ತಗೆ. ನೆತ್ತಿಯ ಮೇಲೊಂದು ಸೀಳು. ಇವತ್ತು ಎಲ್ಲದರ ಪಕ್ಕೆಯಲ್ಲೂ ಸುಕ್ಕು. ಹಳೆ ಮೇಜು ಕುರ್ಚಿ ಕೊಂಡು ಮಾರುವವನು ನಾನು. ಮಂಚದ ಕಾಲು ತಟ್ಟಿದರೆ ಗೆದ್ದಲು ಎಲ್ಲಿಗೆ ಬಂದಿದೆ ಎಂದು ಹೇಳಬಲ್ಲೆ. ಇವು ಸಾಯುತ್ತಿವೆಯೋ, ಮಲಗಿವೆಯೋ... ದೇವರಾಣೆ ತಿಳಿಯುತ್ತಿಲ್ಲ.

ಸಂಜೆ

ಫೋನ್ ಮಾಡಿದೆ. ಅವಳಿರುವುದು ಭೂಗೋಳದ ಕೆಳಮಗ್ಗುಲಲ್ಲಿ, ತನ್ನ ಅಕ್ಕನ ಮನೆಯಲ್ಲಿ. ಅಕ್ಕ ಸೊಂಟ ಮುರಿದುಕೊಂಡಳೆಂದು ಏಪ್ರಿಲ್‌ನಲ್ಲಿ ಹೋದವಳು. ಎರಡೇ ತಿಂಗಳು ಅಂದಿದ್ದಳು.

"ನೀರು ಮುಟ್ಟಿಸಬೇಡಿ ರೀ. ಪೊರೆ ಬಿಡೋ ಕಾಲ ಇದು. ಹಳೆ ಎಲೆಯ ನೀರನ್ನ ಒಳಗಿನ ಹೊಸ ಎಲೆ ಹೀರ್ಕೋಬೇಕು. ಈಗ ಸುರಿದ್ರೆ ಎರಡೂ ಕೊಳೆಯುತ್ತೆ."

"ಹೊಸ ಎಲೆ ಎಲ್ಲಿದೆಯೇ?"

"ಸೀಳಲ್ಲಿ ಇಣುಕಿ ನೋಡಿ. ಎಲ್ಲಾನೂ ನಾನೇ ತೋರಿಸ್ಬೇಕಾ?"

ಇಣುಕಿದೆ. ಏನೂ ಕಾಣಲಿಲ್ಲ. ಹೂಂ ಅಂದೆ. ಅವಳು ವಾಪಸ್ ಬರಲು ಈ ಮನೆಯಲ್ಲಿ ಎರಡೇ ಕಾರಣ: ಈ ಟ್ರೇ, ನಾನು. ನನ್ನೊಬ್ಬನ ತೂಕ ಸಾಲುತ್ತದೆಂಬ ಧೈರ್ಯ ಇಲ್ಲ.

ಸೆಪ್ಟೆಂಬರ್ 17

ಸುಕ್ಕು ಜಾಸ್ತಿ. ಟ್ರೇಯನ್ನು ಅಂಗಡಿಗೆ ಒಯ್ದು ಕಣ್ಣೆದುರೇ ಇಟ್ಟುಕೊಂಡೆ. ಪಕ್ಕದಂಗಡಿಯ ದರ್ಜಿ ಬಗ್ಗಿ ನೋಡಿದ.

"ಅಣ್ಣಾ, ಕಲ್ಲನ್ನೂ ಉಪವಾಸ ಕೆಡವ್ತೀಯಲ್ಲೋ! ನಿನ್ನಂಥ ಜಿಪುಣ ಹುಟ್ಟೋದು ಅಪರೂಪ."

"ಹೆಂಡತಿ ಅಪ್ಪಣೆ ಕಣಯ್ಯಾ."

"ಹಾಗಾದ್ರೆ ನಾನು ಬಾಯಿ ಬಿಟ್ಟಿಲ್ಲ, ನೀನು ಕೇಳಿಸ್ಕೊಂಡಿಲ್ಲ."

ಅಕ್ಟೋಬರ್ 2

ಒಂದು ಹೋಯಿತು. ಬೂದು ಬಣ್ಣದ್ದು. ಕಿತ್ತು ನೋಡಿದೆ. ಕೊಳೆತಿಲ್ಲ. ಬೇರು ಒಣದಾರದ ಹಾಗೆ ಮುರಿಯಿತು. ಇದು ನೀರು ಹೆಚ್ಚಾಗಿ ಸತ್ತದ್ದಲ್ಲ, ನೀರಿಲ್ಲದೆ ಸತ್ತದ್ದು. ಆದರೆ ಇವುಗಳ ಬಗ್ಗೆ ಅವಳು ತಪ್ಪುವುದುಂಟೇ? ನನ್ನ ಹುಟ್ಟುಹಬ್ಬ ಮರೆತಾಳು, ಇವುಗಳ ಋತು ಮರೆಯಳು. ತಲೆಬುಡ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 3

ನೀರು ಹಾಕಿಬಿಟ್ಟೆ. ತಳದಿಂದ ಸೋರುವಷ್ಟು. ಆದದ್ದಾಗಲಿ.

ಸಂಜೆ ಅವಳು ಕೇಳಿದಳು. "ಒಂದು ಹನಿಯೂ ಇಲ್ಲ" ಅಂದೆ. ಮಾತು ಮಾರಿ ಮೇಲೆ ಬಂದವನು, ದನಿ ನಡುಗಲಿಲ್ಲ.

ಅಕ್ಟೋಬರ್ 6

ಉಬ್ಬಿಕೊಂಡಿವೆ! ಗಟ್ಟಿಯಾಗಿ, ಹೊಟ್ಟೆ ತುಂಬಿದ ಮಕ್ಕಳ ಕೆನ್ನೆಯ ಹಾಗೆ. ಖುಷಿಪಡಲೇ, ಕೊಳೆಯುವ ಮುನ್ಸೂಚನೆ ಎಂದು ಹೆದರಲೇ?

ಅಕ್ಟೋಬರ್ 25

ಸೀಳಿನಿಂದ ಹಳದಿ ಹೂ. ಗಿಡಕ್ಕಿಂತ ಹೂವೇ ದೊಡ್ಡದು. ಹಿಂದುಮುಂದು ನೋಡದೆ ಫೋಟೋ ಕಳಿಸಿದೆ. ಕಳಿಸಿದ ಮೇಲೆ ಸುಳ್ಳು ನೆನಪಾಯಿತು. ಆಗಲೇ ಫೋನ್ ಬಡಿದುಕೊಂಡಿತು.

"ಕದ್ದು ನೀರು ಹಾಕಿದ್ರಾ?"

"...ಒಂದು ಸಾರಿ. ಆಮೇಲೆ ಇನ್ನೊಂದು."

"ಈ ಕಾಲದಲ್ಲಿ ಹೂ ಹೇಗೆ ರೀ? ಈಗಷ್ಟೇ ಚಳಿಗಾಲ ಮುಗಿದು..."

ಅಲ್ಲಿಗೇ ನಿಂತಳು.

"ಮುಗಿದದ್ದು ಇಲ್ಲಿ, ಅಲ್ವಾ," ಅಂದಳು ಮೆಲ್ಲಗೆ. "ಅಲ್ಲಿ ಇನ್ನೂ ಶುರುವೇ ಆಗಿಲ್ಲ. ಅಲ್ಲಿ ಇದು ಹೂ ಬಿಡೋ ಕಾಲ, ನೀರು ಕೊಡೋ ಕಾಲ. ನಾನು ಇಲ್ಲಿ ಕಿಟಕಿಯಿಂದ ಹೊರಗೆ ನೋಡ್ಕೊಂಡು ಹೇಳ್ಬಿಟ್ಟೆ ರೀ."

"ಹೋಗ್ಲಿ ಬಿಡು, ಒಂದೇ ಹೋಗಿದ್ದು," ಅಂದೆ. ಸಮಾಧಾನಕ್ಕೆ ಅಂದದ್ದು. ಯಾರ ಸಮಾಧಾನಕ್ಕೆ, ತಿಳಿಯದು. ಇಷ್ಟು ವರ್ಷ ಬಾಳಿದ ಮನೆಯ ಹವೆ ಏಳು ತಿಂಗಳಿಗೆ ಮೈಬಿಟ್ಟು ಹೋಗುತ್ತದೆಯೇ?

ನವೆಂಬರ್ 8

ಅಕ್ಕ ಕೋಲಿಲ್ಲದೆ ನಡೆಯುತ್ತಾಳಂತೆ. ಅಂಗಡಿಬೀದಿಗೂ ಹೋಗಿಬರುತ್ತಾಳಂತೆ.

"ಹಾಗಾದ್ರೆ?" ಅಂದೆ.

"ಹಾಗಾದ್ರೆ ಏನು?... ಇಲ್ಲಿ ಬೀಜ ಹಾಕಿದೀನಿ ರೀ. ಮೊಳಕೆ ಬಂದಿದೆ. ಸಾಸಿವೆಗಿಂತ ಚಿಕ್ಕದು, ಅಷ್ಟರಲ್ಲೇ ಸೀಳು ಬೇರೆ!"

"ಹೂ ಯಾವಾಗ?"

"ಮೂರು ವರ್ಷ. ನಾಲ್ಕೂ ಆಗ್ಬಹುದು."

ಅವಳೇ ಕೇಳಿದಳು: "ನೋಡೋಕೆ ಬರ್ತೀರಾ?"

ಕರೆದಳೋ? ಕೈಬಿಟ್ಟಳೋ? ನೋಡಿಕೊಂಡು ಹೋಗಲು ಬರಬೇಕೋ, ಇರಲು ಬರಬೇಕೋ? ಗಿರಾಕಿ ಹುಬ್ಬು ಎತ್ತಿದರೆ ಅವನ ಮನಸ್ಸು ಓದುವವನು. ಮನೆಯವಳ ಮಾತು ಓದಲು ಬರಲಿಲ್ಲ. "ಅಂಗಡಿಗೆ ಯಾರೋ ಬಂದ್ರು" ಎಂದು ಫೋನ್ ಇಟ್ಟೆ. ಯಾರೂ ಬಂದಿರಲಿಲ್ಲ.

ನವೆಂಬರ್ 11, ಬೆಳಿಗ್ಗೆ

ಫೋನ್ ತೆರೆದರೆ ಅವಳು ಏನೋ ಟೈಪ್ ಮಾಡುತ್ತಿದ್ದಳು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಏನು ಹೇಳಬೇಕೆಂದು ಅವಳಿಗೂ ಗೊತ್ತಿಲ್ಲ. ಅದೊಂದು ಮಾತ್ರ ಸ್ಪಷ್ಟ.

ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನೇ ಸೋತವನು. ಜೀವಮಾನವೆಲ್ಲ ಎದುರಿನವರ ಬಾಯಿ ಬಿಡಿಸಿಯೇ ಉಂಡವನು ನಾನು. ಇವತ್ತು ನಾನೇ ಬಿಡುತ್ತೇನೆ. ಬರೆದೆ: "ನೀನಿಲ್ಲದೆ ಈ ಮನೆಯಲ್ಲಿ ನನಗೆ ಯಾವ ಕಾಲ ಅಂತಲೇ ಗೊತ್ತಾಗಲ್ಲ. ನಾನು ಬಂದರೆ ಇರೋದಕ್ಕೇ ಬರಬೇಕಾ, ಇಲ್ಲ ನೀನು..."

ಕಳಿಸಿದೆ, ಅರ್ಧಕ್ಕೇ. ನೀಲಿ ಟಿಕ್ ಬಂತು. ಓದಿದಳು. ಫೋನ್ ರಿಂಗಾಗುತ್ತಿದೆ, ಅವಳೇ. ಪೆನ್ನು ಬಲಗೈಯಲ್ಲೇ ಇದೆ, ಎಡಗೈಯಲ್ಲಿ ಎತ್ತಿ...