ತುಂಬೆಯ ಹಿಂಡಿ

ನವೆಂಬರ್ ೧೨, ಬುಧವಾರ

ಚಲುವಮ್ಮನವರ ಮೇಲೆ ಕಳ್ಳತನದ ಅನುಮಾನ ಪಟ್ಟೆ. ಅದೇ ಇನ್ನೂ ಚುಚ್ಚುತ್ತಿದೆ.

ದಟ್ಟಗಳ್ಳಿಯ ನಮ್ಮ ಕೊಟ್ಟಿಗೆಯನ್ನು ನೋಡಿಕೊಳ್ಳುವವರು ಅವರು. ತುಂಬೆ ಇಲ್ಲಿ ಹುಟ್ಟಿದ ಮೊದಲ ಕಡಸು, ಈಗ ಎಂಟು ತಿಂಗಳು. ಹೆಚ್ಚು ತಿಂದು ಬೇಗ ಬೆಳೆದರೆ ಮುಂದೆ ಹೆಚ್ಚು ಹಾಲು ಕೊಡುತ್ತಾಳೆಂದು ನಾನು ದಿನವೂ ಅವಳ ಮೇವಿನ ಬಾನಿಗೆ ಹಿಂಡಿ ಸುರಿಯುತ್ತಿದ್ದೆ. ಇವತ್ತು ಬೆಳಿಗ್ಗೆ ಚಲುವಮ್ಮ ಅದರಲ್ಲಿ ಅರ್ಧವನ್ನು ಬುಟ್ಟಿಗೆ ತೆಗೆಯುವುದು ಕಂಡಿತು. "ಮನೆಗಾ?" ಎಂದುಬಿಟ್ಟೆ.

"ಅಯ್ಯೋ ಬುಡ್ರವ್ವ, ನಮ್ಮನೇಲಿ ಹಿಂಡಿ ತಿನ್ನೋರು ಯಾರವ್ರೆ? ದಿನಾ ಹಿಂಗೇ ತೆಗ್ದು ಹಾಲು ಕರೆಯೋ ಹಸುಗೆ ಹಾಕ್ತೀನಿ. ಈ ವಯಸ್ನಲ್ಲೇ ಕೆಚ್ಚಲಲ್ಲಿ ಕೊಬ್ಬು ಕೂತ್ಕಂಡ್ರೆ, ಆಮೇಲೆ ಹಾಲು ಎಲ್ಲಿ ಕೂತ್ಕತದೆ?"

"ನನಗೆ ಹೇಳಬಾರದಿತ್ತಾ?"

"ಎರಡು ಸಲ ಹೇಳ್ದೆ ಕಣ್ರವ್ವ. ನೀವು ಫೋನಲ್ಲಿ ಏನೋ ಓದಿ ತೋರ್ಸುದ್ರಿ."

ನಿಜ. ತೋರಿಸಿದ್ದೆ.

ಮಧ್ಯಾಹ್ನ ಪಶುವೈದ್ಯರು ತುಂಬೆಯ ಎದೆಗೆ ಟೇಪು ಸುತ್ತಿ ಅಳೆದರು. ಸೊರಗಿದ ಕರುವಿನಂತೆಯೇ ಅತಿಯಾಗಿ ಕೊಬ್ಬಿದ ಕರುವೂ ಜೀವಮಾನವಿಡೀ ಕಡಿಮೆ ಹಾಲು ಕೊಡಬಹುದಂತೆ. "ಇವಳ ಬೆಳವಣಿಗೆ ಹದವಾಗಿದೆ. ಚೆನ್ನಾಗಿ ಸಾಕಿದ್ದೀರಿ ಮೇಡಂ" ಎಂದರು. "ನಾನಲ್ಲ, ಇವರು" ಎಂದೆ. ಚಲುವಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಆ "ಮನೆಗಾ?" ಎಂಬ ಮಾತಿಗೆ ಕ್ಷಮೆ ಕೇಳಬೇಕೆಂದು ಸಂಜೆ ಗೇಟಿನವರೆಗೂ ಹೋದೆ. ಕೇಳದೆಯೇ ಗೇಟು ಹಾಕಿ ಬಂದೆ. ಬೆಳಿಗ್ಗೆ ಕೇಳುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು. ಇವರು ತುಂಬೆಯ ಮೈ ತೊಳೆದೇ ಹೋದರು. ಅವಳು ಮುಂದೆ ಎಷ್ಟು ಸೂಲು ಕರು ಹಾಕಿ ಹಾಲು ಕೊಟ್ಟರೂ ಅದು ನನ್ನ ಅತಿಮುದ್ದಿಗೆ ಬಲಿಯಾಗದಂತೆ ಚಲುವಮ್ಮ ಉಳಿಸಿದ ಹಾಲು. ಅದನ್ನೇ ಅವರಿಗೆ ಹೇಳಿದರೆ ಕ್ಷಮೆ ಕೇಳಿದಂತೆಯೂ ಆದೀತು.