ಅಮ್ಮ ಹೇಳದ ಪಾಸ್‌ವರ್ಡ್

ಕಿರವತ್ತಿ
೧೪-೧೧-೨೦೨೪

ಪ್ರೀತಿಯ ತಂಗಿ ತನುಜಾ,

ಹೇಗಿದ್ದೀಯ? ಸುನೀಲನ ಬೆನ್ನುನೋವು ಕಡಿಮೆಯಾಯಿತೇ? ಭೂಮಿಕಾಗೆ ಹಲ್ಲು ಬರುವಾಗಿನ ಜ್ವರ ಇಷ್ಟರಲ್ಲಿ ಇಳಿದಿರಬೇಕು. ಮಡಗಾಂವಿನ ಲಾಡ್ಜಿನಲ್ಲಿ ಇಡೀ ದಿನ ಕೌಂಟರಿನ ಹಿಂದೆ ನಿಂತೇ ಇರುತ್ತೀಯ, ಮನೆಗೆ ಬಂದ ಮೇಲೆ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಎಂದಿನಂತೆ ಇದೆ. ಢಾಬಾದಲ್ಲಿ ಲಾರಿಯವರ ಓಡಾಟ ಹೆಚ್ಚಿದೆ, ನಿನ್ನ ಭಾವನಿಗೆ ಉಸಿರಾಡಲು ಪುರುಸೊತ್ತಿಲ್ಲ, ರೊಟ್ಟಿ ತಟ್ಟಿ ತಟ್ಟಿ ನನ್ನ ಅಂಗೈ ಹಲಗೆಯಾಗಿದೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ನಿನ್ನನ್ನು ನಾನು ಬ್ಲಾಕ್ ಮಾಡಿದ್ದೇನೆ, ನಿನಗೂ ಗೊತ್ತಾಗಿರಬೇಕು. ಈಗ ನಾನಾಗಿಯೇ ತೆಗೆದರೆ ಸೋತ ಹಾಗೆ. ಅದಕ್ಕೇ ನಮ್ಮ ಕಾವ್ಯಶ್ರೀಯ ಶಾಲೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಡೆದದ್ದು ಇಷ್ಟು. ಹಿಂದಿನ ವಾರ ಅಮ್ಮ ಬಾವಿಕಟ್ಟೆಯ ಬಳಿ ಬಗ್ಗಿದಾಗ ಅವಳ ಫೋನು ಸೆರಗಿನಿಂದ ಜಾರಿ ಬಕೆಟ್ಟಿಗೆ ಬಿತ್ತು, ಮತ್ತೆ ಬದುಕಲಿಲ್ಲ. ಅವಳ ಗೋಳಾಟ ನೋಡಲಾಗದೆ ಮರುದಿನವೇ ಯಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಹೊಸದು ಕೊಡಿಸಿದೆ. ಗೋಳಾಟ ಫೋನಿಗಲ್ಲ ಎಂಬುದು ನನಗೆ ಗೊತ್ತಿತ್ತು. ಅಮ್ಮನ ಅಕೌಂಟನ್ನೇ ನಿನ್ನ ಫೋನಿಗೂ ಹಾಕಿಕೊಂಡು ದಿನಾ ಬೆಳಿಗ್ಗೆ ಭೂಮಿಕಾಳ ಫೋಟೋ ತುಂಬುತ್ತೀಯಲ್ಲ, ಅದಕ್ಕೆ. ಎದ್ದು ಮುಖ ತೊಳೆಯುವ ಮೊದಲು ಅವಳಿಗೆ ಆ ಫೋಟೋ ಬೇಕು. ಇಲ್ಲಿ ಕಾವ್ಯಶ್ರೀ ಹೊಸ ಲಂಗ ಹಾಕಿಕೊಂಡು ಎದುರು ನಿಂತರೂ, "ತಡಿಯೇ, ಪಾಪುನ ನೋಡ್ತೆ ಇದ್ದೆ" ಎನ್ನುತ್ತಾಳೆ. ಎದುರಿಗಿರುವ ಮೊಮ್ಮಗಳಿಗಿಂತ ಗಾಜಿನೊಳಗಿನ ಮೊಮ್ಮಗಳು ಹೆಚ್ಚು. ಹೊಟ್ಟೆಕಿಚ್ಚು ಎಂದುಕೋ, ಹೌದು, ಹೊಟ್ಟೆಕಿಚ್ಚೇ.

ಅಂಗಡಿಯ ಕಾರ್ತಿಕ ಹೊಸ ಫೋನಿಗೆ ಹಳೆಯ ಅಕೌಂಟು ಹಾಕಲು ಕೂತ. "ಅಜ್ಜಿ, ಪಾಸ್‌ವರ್ಡ್ ಹೇಳ್ರಿ" ಎಂದ. ಅಮ್ಮ ಸುಮ್ಮನೆ ನನ್ನ ಮುಖ ನೋಡಿದಳು. ಮರೆತುಹೋಗಿದೆಯಾ ಎಂದರೆ ಇಲ್ಲ ಎಂದು ತಲೆಯಾಡಿಸಿದಳು. ಹಾಗಾದರೆ ಹೇಳು ಎಂದರೆ, "ನಂಗೆ ಹೇಳೂಕಾಗೂದಿಲ್ಲ ಮಾರಾಯ್ತಿ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಡಿಯಲ್ಲಿದ್ದ ನಾಲ್ಕು ಜನ ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದರು. ಮರೆತವರಿಗೆ ಬೇರೆ ದಾರಿಯಿದೆ, ಆದರೆ ಅದರ ಓಟಿಪಿ ಈ ನಂಬರಿಗೆ ಹೋಗುತ್ತದೆ ಎಂದು ಕಾರ್ತಿಕ ಕೊನೆಯ ಎರಡು ಅಂಕಿ ತೋರಿಸಿದ, ನಿನ್ನ ನಂಬರು. ಅಲ್ಲಿಯೂ ನೀನೇ! ಆರು ವರ್ಷದಿಂದ ಅಮ್ಮನಿಗೆ ಅನ್ನ ಹಾಕಿ, ಎಣ್ಣೆ ತಿಕ್ಕಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ನಾನು, ಫೋನಿನ ಲೆಕ್ಕದಲ್ಲಿ ಅಮ್ಮನಿಗೆ ಇರುವುದು ಒಬ್ಬಳೇ ಮಗಳು. ಅಲ್ಲಿಂದಲೇ ನಿನಗೆ ಫೋನ್ ಮಾಡಿದರೆ ನೀನು, "ಅಮ್ಮಂಗೆ ಗೊತ್ತುಂಟು, ಅವಳನ್ನೇ ಕೇಳು, ಕೌಂಟರಲ್ಲಿ ಗಿರಾಕಿ ಉಂಟು" ಎಂದು ಇಟ್ಟೇಬಿಟ್ಟೆ. ಆಗಲೇ ಬ್ಲಾಕ್ ಮಾಡಿದ್ದು.

ಬಸ್ಸಿನಲ್ಲಿ ಬರುವಾಗ ನಿನ್ನ ಮೇಲಿನ ಸಿಟ್ಟನ್ನೆಲ್ಲ ಅಮ್ಮನ ಮೇಲೆ ತೀರಿಸಿದೆ. ನೀನು ಯುಗಾದಿಗೆ ಬಂದಾಗ ಅಮ್ಮನಿಗೆ ಪಾಠ ಮಾಡಿದ್ದು ನನಗೆ ನೆನಪಿತ್ತು. ಯಾರಿಗೂ ಓಟಿಪಿ ಹೇಳಬೇಡ, ಯಾವ ಲಿಂಕೂ ಒತ್ತಬೇಡ, ಪೊಲೀಸ್ ಎಂದು ವೀಡಿಯೋ ಕರೆ ಮಾಡುವವರನ್ನು ನಂಬಬೇಡ. ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಅರಿಶಿನ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ವೀಡಿಯೋ ನಂಬಿ ಮಾತ್ರೆ ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಆ 'ಯಾರಿಗೂ' ಎಂಬುದರಲ್ಲಿ ನನ್ನನ್ನೂ ಸೇರಿಸಿದೆಯಲ್ಲ ಎಂದು ಉರಿದುಹೋಯಿತು. ಚಿಕ್ಕ ಮಗಳ ಗುಟ್ಟನ್ನೇ ಕಾಯ್ದುಕೊಂಡಿರು, ಊಟವನ್ನೂ ಅವಳೇ ಕಳಿಸಲಿ ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಒಲೆಯ ಮುಂದಿದ್ದೆ. ಅಮ್ಮ ಅಟ್ಟದಿಂದ ತನ್ನ ಮದುವೆಯ ಹಿತ್ತಾಳೆ ತಂಬಿಗೆ ಇಳಿಸಿಕೊಂಡು ಬಂದು ನನ್ನೆದುರು ಕುಕ್ಕಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಅದರ ಕಂಠದಲ್ಲಿ ಕೆತ್ತಿದ ಅಪ್ಪನ ಹೆಸರಿನ ಕೆಳಗೆ ಬೆರಳಿಟ್ಟಳು. "ಇದು. ಇದ್ರ ಹಿಂದೆ ತನುಜಾ ಹುಟ್ಟಿದ ಇಸ್ವಿ" ಎಂದಳು. ಆಗ ಹೊಳೆಯಿತು ನನಗೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಓಟಿನ ಚೀಟಿ ಕೊಡುವಲ್ಲಿ ಗಂಡನ ಹೆಸರು ಕೇಳಿದಾಗಲೆಲ್ಲ ಅಮ್ಮ ನನ್ನ ಮುಖ ನೋಡುತ್ತಾಳೆ, ಕೆರಿಯ ಎಂದು ನಾನೇ ಹೇಳುತ್ತೇನೆ. ಅಂಗಡಿಯಲ್ಲಿ ಅಂದು ನೋಡಿದ್ದೂ ಹಾಗೆಯೇ. ಅಪ್ಪ ಹೋಗಿ ಆರು ವರ್ಷವಾದರೂ ಅವಳ ಬಾಯಲ್ಲಿ ಆ ಹೆಸರು ಬರುವುದಿಲ್ಲ, ಬರೆದು ತೋರಿಸಲು ಅಕ್ಷರವೂ ಬಾರದು ಎಂದು ತಿಳಿದೂ ತಿಳಿದೂ ಅವಳನ್ನು ಗುಟ್ಟುಗಾತಿ ಎಂದೆ. ನಿನಗಾದರೂ ಬುದ್ಧಿ ಬೇಡವೇ? ಅಮ್ಮ ಸತ್ತರೂ ಹೇಳದ ಮಾತನ್ನೇ ಹುಡುಕಿ ಪಾಸ್‌ವರ್ಡ್ ಮಾಡಿದ್ದೀಯ! ಅಲ್ಲ, ಕಳ್ಳರಿಗೆ ಹೇಳಬಾರದೆಂದು ಬೇಕೆಂದೇ ಮಾಡಿದ್ದರೆ ನೀನು ನನಗಿಂತ ಜಾಣೆ, ಅದನ್ನೂ ಒಪ್ಪಿದೆ. ಆದರೆ ಅಪ್ಪನ ಹೆಸರಿನ ಪಕ್ಕ ನಿನ್ನ ಇಸವಿ ಒಂದೇ ಯಾಕೆ? ಮೊದಲು ಹುಟ್ಟಿದವಳು ನಾನು.

ಅಕೌಂಟು ತೆರೆಯಿತು. ಅಮ್ಮ ಈಗ ನನ್ನೊಡನೆ ಮಾತಾಡುತ್ತಾಳೆ. ಕಾವ್ಯಶ್ರೀ ಚಿಕ್ಕಮ್ಮನಿಗೆ ಮುತ್ತು ಕೊಟ್ಟಿದ್ದಾಳೆ. ಭೂಮಿಕಾಳ ಕೆನ್ನೆ ಹಿಂಡು, ಮೆಲ್ಲಗೆ. ನಿಮ್ಮ ಮೂವರಿಗೂ ಚೌಡಿ ತಾಯಿ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ರೋಹಿಣಿ

ತಾ.ಕ.: ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗುತ್ತಿಲ್ಲ. ಅಕೌಂಟು ತೆರೆದ ದಿನವೇ ನಾನು ಪಾಸ್‌ವರ್ಡ್ ಬದಲಿಸಿದೆ. ಬೇರೆ ಫೋನುಗಳನ್ನು ಹೊರಹಾಕಲೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದೆ. ಅದು ನಿನ್ನ ಫೋನೆಂದು ಗೊತ್ತಿದ್ದೇ ಒತ್ತಿದೆ. ಅಂದಿನಿಂದ ಭೂಮಿಕಾಳ ಹೊಸ ಫೋಟೋ ಒಂದೂ ಬಂದಿಲ್ಲ. ಅಮ್ಮ ತಾನು ಗುಟ್ಟು ಹೇಳಿಕೊಟ್ಟಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಎಂದುಕೊಂಡಿದ್ದಾಳೆ. ಭಾನುವಾರ ನೀನು ಎರಡು ಸಲ ಮಾಡಿದ ಕರೆಯನ್ನು ಅವಳು ಎತ್ತದಿದ್ದದ್ದು ಆ ಹೆದರಿಕೆಗೆ. ಹೊಸ ಪಾಸ್‌ವರ್ಡಿನಲ್ಲೂ ಅಪ್ಪನ ಹೆಸರೇ ಇದೆ, ಹಿಂದೆ ನನ್ನ ಇಸವಿ, ೧೯೮೭. ಕಾಗದ ಕೈಗೆ ಸಿಕ್ಕಿದ ತಕ್ಷಣ ಒಳಗೆ ಬಂದು ಪಾಪುವಿನ ಫೋಟೋ ಹಾಕು. ನಿನ್ನನ್ನು ಹೊರಹಾಕಿದ್ದು ಯಾರೆಂದು ಅಮ್ಮನಿಗೆ ನನ್ನ ಹೆಸರು ಹೇಳುವುದಾದರೆ ಹೇಳು.