ಎಡಗೈ ಗಂಟಿನ ಪೆಟ್ಟಿಗೆಗಳು

ಹಡಗಿನ ಉಗ್ರಾಣ ನೋಡಿಕೊಳ್ಳುವ ಸಾಹೇಬರಿಗೆ, ದಾನದ ಸಾಮಾನು ಕಟ್ಟುವ ಗೋದಾಮಿನವಳ ನಮಸ್ಕಾರ.

ನಾಲ್ಕು ಗಂಟೆಗೆ ನಿಮ್ಮ ನೌಕಾಪಡೆಯ ಹಡಗು ಹೊರಡುತ್ತದಂತೆ. ಅದಕ್ಕೆ ಮೊದಲು ಇದನ್ನು ಓದಿ.

ಈಗಷ್ಟೇ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಬಂದರು. "ನಿನ್ನೆ ನಮ್ಮ ಸೊಸೆ ಹಾಲಿನ ಪುಡಿ ಡಬ್ಬಿಗಳನ್ನ ಕೊಟ್ಟಳಲ್ಲ, ಅದರಲ್ಲೊಂದಕ್ಕೆ ನಾನು ಬಟ್ಟೆ ಒಗೆಯೋ ಸೋಡಾ ತುಂಬಿಟ್ಟಿದ್ದೆ ಕಣಮ್ಮಾ," ಅಂದರು. ಖಾಲಿ ಹಾಲಿನ ಡಬ್ಬಿಯಲ್ಲಿ ಸೋಡಾ ಇಡುವವಳು ನಾನೂ ಹೌದು. ಆದರೂ ಮೇಲಿನ ಚಿತ್ರ ನೋಡಿ, ಮುಚ್ಚಳ ತೆಗೆಯದೆ ಕಟ್ಟಿಬಿಟ್ಟೆ. ಆ ಪೆಟ್ಟಿಗೆ ಆಗಲೇ ಹಡಗು ಹತ್ತಿದೆ.

ಸೂಪರ್‌ವೈಸರಿಗೆ ಹೇಳಿದೆ. "ಮುನ್ನೂರು ಪೆಟ್ಟಿಗೆ ಬಿಚ್ಚೋರು ಯಾರು? ಬಾಯಿ ಮುಚ್ಕೊಂಡಿರು," ಅಂದರು.

ಮುನ್ನೂರೂ ಬಿಚ್ಚಬೇಡಿ ಸಾಹೇಬರೇ. ನಾನು ಎಡಚಿ. ಹಗ್ಗದ ಗಂಟಿನ ತುದಿ ಎಲ್ಲರದು ಬಲಕ್ಕಿದ್ದರೆ ನನ್ನದು ಎಡಕ್ಕಿರುತ್ತದೆ. "ನೆಟ್ಟಗೆ ಕಟ್ಟೋಕೂ ಬರಲ್ವಾ?" ಎಂದು ಅದಕ್ಕೇ ದಿನಾ ಬೈಸಿಕೊಳ್ಳುತ್ತೇನೆ. ಹಾಲಿನ ಪೆಟ್ಟಿಗೆಗಳಲ್ಲಿ ಅಂಥವು ಹನ್ನೊಂದೇ. ಮುಚ್ಚಳದ ಕೆಳಗಿನ ಬೆಳ್ಳಿ ಕಾಗದ ಕಿತ್ತುಹೋಗಿರುವ ಡಬ್ಬಿಯೇ ಸೋಡಾದ್ದು. ಉಳಿದದ್ದೆಲ್ಲ ಒಳ್ಳೆಯ ಹಾಲು. ನನ್ನ ತಪ್ಪಿಗೆ ಅದನ್ನು ಇಳಿಸಬೇಡಿ. ಸಮುದ್ರದಾಚೆ ಕೂಸುಗಳು ಕಾಯುತ್ತಿವೆ. ಅಮ್ಮ ಕಲಸಿ ಕೊಟ್ಟದ್ದನ್ನು ಅವು ಕುಡಿದುಬಿಡುತ್ತವೆ.

ಬಂದರಿನ ಪಹರೆಯವರು ನನ್ನನ್ನು ಒಳಗೆ ಬಿಡಲಿಲ್ಲ, ಕಾಗದ ಮಾತ್ರ ತಲುಪಿಸುತ್ತೇವೆ ಅಂದರು. ಗೇಟಿನ ಕಂಬಿ ಹಿಡಿದು ನಿಂತಿರುತ್ತೇನೆ. ಡಬ್ಬಿ ಸಿಕ್ಕಿದರೆ ಡೆಕ್ಕಿಗೆ ಬಂದು ಒಮ್ಮೆ ಕೈಯೆತ್ತಿ. ಎಡಗೈಯಾದರೂ ಪರವಾಗಿಲ್ಲ.

ಇಂತಿ,
ಆ ಗಂಟು ಹಾಕಿದವಳು